ಹಳೇ ಪಿಕಪ್‌ಗೆ ಮೊದಲ ಖರ್ಚು ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನದು 2012ರ ಬೊಲೆರೊ ಪಿಕಪ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸುಗ್ಗಿಯಲ್ಲಿ ತೊಗರಿ ಹೇರಿಕೊಂಡು ಕಲಬುರಗಿ ಎಪಿಎಂಸಿಗೆ ಹೋಗುತ್ತೇನೆ. ಉಳಿದ ದಿನ ಶಹಾಬಾದ್ ಕಲ್ಲು, ಗೊಬ್ಬರ, ಯಾವ ಬಾಡಿಗೆ ಸಿಕ್ಕರೆ ಅದು. ಬೇಸಿಗೆ ಬಂತಂದ್ರೆ ಟೆಂಪರೇಚರ್ ಮುಳ್ಳು ಏರುತ್ತೆ. ಹಿಂದಿನ ಭಾಗವೂ ಕುಸಿದಿದೆ, ಸ್ಪ್ರಿಂಗ್‌ಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸೋಣ ಅಂತಿದ್ದೇನೆ. ಪೇಂಟ್, ಸೀಟು, ಮ್ಯೂಸಿಕ್ ಸಿಸ್ಟಮ್ ಕೂಡ ಆಗಬೇಕು. ಕೈಯಲ್ಲಿ 40 ಸಾವಿರ ಇದೆ. ಎಲ್ಲಿಂದ ಶುರು ಮಾಡಲಿ?
- ಚಿತ್ತಾಪುರ ತಾಲ್ಲೂಕಿನ ಓದುಗರು

ಉತ್ತರ: ಪೇಂಟ್, ಮ್ಯೂಸಿಕ್ ಎರಡನ್ನೂ ಸದ್ಯಕ್ಕೆ ಬಿಡಿ. ಮೊದಲು ಎಂಜಿನ್ ಬಿಸಿ, ಆಮೇಲೆ ಬ್ರೇಕು, ಆಮೇಲೆ ಟೈರು. ಈ ಮೂರೂ ಆಗಿ ದುಡ್ಡು ಉಳಿದರೆ ಸೀಟು ಮಾಡಿಸಿ. ದಿನವಿಡೀ ಕೂತು ಓಡಿಸುವವರಿಗೆ ಸೀಟು ಕೂಡ ಶೋಕಿ ಅಲ್ಲ, ಬೆನ್ನಿನ ಪ್ರಶ್ನೆ.

ಬಿಸಿಗೆ ಕಾರಣ ಬಹುಶಃ ನಿಮ್ಮ ಹೊಲದಲ್ಲೇ ಇದೆ. ತೊಗರಿ ರಾಶಿ ಮಾಡುವಾಗ ಗಾಡಿಯನ್ನು ಮಷಿನ್ ಪಕ್ಕದಲ್ಲೇ ನಿಲ್ಲಿಸ್ತೀವಿ ಅಲ್ವಾ, ಆಗ ಹಾರುವ ಹೊಟ್ಟು, ಧೂಳು ಎಲ್ಲಾ ರೇಡಿಯೇಟರ್‌ನ ಸಣ್ಣ ಸಣ್ಣ ಪಟ್ಟಿಗಳ ನಡುವೆ ಹೋಗಿ ಕೂರುತ್ತದೆ. ಜನವರಿಯ ಚಳಿಯಲ್ಲಿ ಗೊತ್ತಾಗಲ್ಲ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 42-43 ಡಿಗ್ರಿ ಬಿಸಿಲಿಗೆ ಲೋಡ್ ಹಾಕಿದಾಗ ಮುಳ್ಳು ಏರುತ್ತದೆ. ಎಂಜಿನ್ ಕಡೆಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ಎಲ್ಲಾ ಕಡೆ ಕಾಣಬೇಕು. ಕತ್ತಲಾಗಿರುವ ಜಾಗದಲ್ಲಿ ಗಾಳಿ ಹೋಗುತ್ತಿಲ್ಲ ಅಂತ ಅರ್ಥ. ಎಂಜಿನ್ ಪೂರ್ತಿ ಆರಿದ ಮೇಲೆ, ಒಳಗಿನಿಂದ ಹೊರಕ್ಕೆ ಸಣ್ಣ ಧಾರೆಯಲ್ಲಿ ನೀರು ಬಿಡಿ. ವಾಟರ್ ಸರ್ವೀಸ್‌ನ ಜೋರು ಗನ್ ಹಿಡಿಸಬೇಡಿ, ಪಟ್ಟಿಗಳು ಮಡಚಿಕೊಳ್ಳುತ್ತವೆ.

ಇನ್ನು ಒಳಗಿನ ಕಥೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನೇ ವರ್ಷಗಟ್ಟಲೆ ಸುರಿದಿದ್ದರೆ ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟಿರುತ್ತದೆ. ಒಮ್ಮೆ ಫ್ಲಶ್ ಮಾಡಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿಸಿ. ಜೊತೆಗೆ ರೇಡಿಯೇಟರ್ ಕ್ಯಾಪ್ ಬದಲಿಸಿ, ಇದಕ್ಕೆ ದೊಡ್ಡ ಖರ್ಚಿಲ್ಲ. ಕ್ಯಾಪ್ ಒಳಗಿನ ಒತ್ತಡವನ್ನು ಹಿಡಿದಿಟ್ಟಾಗ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಹೋಗುವವರೆಗೂ ತಡೆಯುತ್ತದೆ. ಅದರ ರಬ್ಬರ್ ಸತ್ತಿದ್ದರೆ ಆ ಲಾಭ ಹೋಯ್ತು. ಬಿಸಿ ಇದ್ದಾಗ ಮಾತ್ರ ಆ ಕ್ಯಾಪ್ ಮುಟ್ಟಲೇಬೇಡಿ.

ಯಾರಾದರೂ ಮಿಸ್ತ್ರಿ "ಥರ್ಮೋಸ್ಟಾಟ್ ತೆಗೆದುಬಿಡೋಣ, ತಂಪಾಗಿರುತ್ತೆ" ಅಂದರೆ ಒಪ್ಪಬೇಡಿ. ಎಂಜಿನ್ ಬಿಸಿಯಾಗುವವರೆಗೂ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್ ಅದು. ಎಂಜಿನ್ ಸರಿಯಾದ ಬಿಸಿಗೆ ಬರದೆ ಓಡಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ತೆರೆದೇ ಉಳಿದು, ಒಂದಿಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಹಾಗೇ ತಿರುಗುತ್ತದೆ. ಅಂದ್ರೆ ಬಿಸಿ ಇನ್ನೂ ಏರುತ್ತದೆ.

ಈಗ ಪ್ಲೇಟಿನ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ, ಹಾಕಿಸಬೇಡಿ. ಎರಡಡಿಗೆ ಎರಡಡಿ, ಒಂದಿಂಚು ದಪ್ಪದ ಶಹಾಬಾದ್ ಕಲ್ಲು ಒಂದೇ ಹತ್ತಿರಹತ್ತಿರ 25 ಕೆಜಿ ತೂಗುತ್ತದೆ. ಐವತ್ತು ಕಲ್ಲು ಜೋಡಿಸಿದರೆ ಬಾಡಿಯಲ್ಲಿ ಅರ್ಧವೂ ತುಂಬಿದಂತೆ ಕಾಣಲ್ಲ, ಆದರೆ ತೂಕ ಆಗಲೇ 1,200 ಕೆಜಿ ದಾಟಿರುತ್ತದೆ. ಆರ್‌ಸಿ ತೆಗೆದು ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ನೀವು, ಹಮಾಲರು ಎಲ್ಲ ಸೇರಿ ನಿಮ್ಮ ಗಾಡಿಗೆ ಇರುವ ಲೆಕ್ಕ ಅಷ್ಟೇ. ಪ್ಲೇಟ್ ಹೆಚ್ಚಿಸಿದರೆ ಹಿಂಭಾಗ ಎತ್ತರ ಕಾಣುತ್ತದೆ, ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಎಲ್ಲಾ ಹಳೆಯವೇ ತಾನೆ? ಇನ್ನೊಂದು ಸೂಕ್ಷ್ಮ ಇದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ರಾಡ್ ಸೇರಿಸಿ ಮೇಲೆ ವಾಲ್ವ್ ಇಟ್ಟಿರುತ್ತಾರೆ. ಲೋಡ್ ಬಿದ್ದು ಬಾಡಿ ಎಷ್ಟು ಕುಸಿಯಿತು ಅನ್ನೋದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಕೊಡುವ ವಾಲ್ವ್ ಅದು. ಪ್ಲೇಟ್ ಸೇರಿಸಿ ಎತ್ತರ ಮಾಡಿದರೆ ಅದು ಗಾಡಿ ಖಾಲಿ ಇದೆ ಅಂದುಕೊಂಡು, ಲೋಡ್ ಇದ್ದಾಗಲೂ ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಕಾಯಿದೆ ಪ್ರಕಾರವೂ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ.

ಅದರ ಬದಲು ಇರುವ ಪ್ಲೇಟ್ ಬಿಚ್ಚಿಸಿ ನೋಡಿಸಿ. ಬಿರುಕು ಬಿಟ್ಟಿದ್ದರೆ ಅದೇ ಅಳತೆಯದು ಬದಲಿಸಿ, ಬಾಗು ಹೋಗಿದ್ದರೆ ಸರಿ ಮಾಡಿಸಿ, ಬುಷ್, ಪಿನ್ ಹೊಸದು ಹಾಕಿಸಿ. ಪ್ಲೇಟ್‌ಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ, ಇದನ್ನು ತುಂಬಾ ಜನ ಮರೆಯುತ್ತಾರೆ.

ಅದೇ ಹೊತ್ತಿಗೆ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ, ವೀಲ್ ಸಿಲಿಂಡರ್ ಒದ್ದೆ ಇದೆಯಾ ನೋಡಿ, ಒದ್ದೆ ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ ಅಂತ ಅರ್ಥ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರ್ ಪಕ್ಕದ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರದ ಮಾಲು. ಗ್ರಿಪ್ ಇದ್ದರೂ ಬದಿಯಲ್ಲಿ ಸೀಳು ಬಿಟ್ಟಿದ್ದರೆ ನಮ್ಮ ಬಿಸಿಲಿಗೆ ನಂಬಬೇಡಿ. ಪೊಟ್ಯಾಶ್ ಗೊಬ್ಬರ ಹೇರಿದ ದಿನವೇ ಬಾಡಿ ತೊಳೆಯಿರಿ, ಅದರ ಉಪ್ಪು ತಗಡನ್ನು ತಿಂದುಬಿಡುತ್ತದೆ.

ಪ್ರಶ್ನೆ: ನನ್ನ ಹಳೇ ಪಿಕಪ್‌ನ ಹೆಡ್‌ಲೈಟ್ ತುಂಬಾ ಮಂದ. ಬೆಳಗಿನ ಜಾವ ತರಕಾರಿ ಒಯ್ಯುವಾಗ ರಸ್ತೆಯೇ ಕಾಣಲ್ಲ. 100 ವ್ಯಾಟ್‌ನ ಎಚ್4 ಬಲ್ಬ್ ಹಾಕಿಸಲಾ?
- ಹುಮನಾಬಾದ್ ಓದುಗರು

ಉತ್ತರ: ಬೇಡ. ಹೋಲ್ಡರ್ ಕರಗುತ್ತದೆ, ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ನಿಮ್ಮ 60/55 ವ್ಯಾಟ್ ಬಲ್ಬೇ ಸಾಕು, ಅದಕ್ಕೆ ಪೂರ್ತಿ ಕರೆಂಟ್ ತಲುಪುತ್ತಿಲ್ಲ ಅಷ್ಟೇ. ಹಳೇ ಗಾಡಿಗಳಲ್ಲಿ ಕರೆಂಟ್ ಡ್ಯಾಶ್‌ಬೋರ್ಡ್ ಸ್ವಿಚ್ ಸುತ್ತಿ, ಸಣ್ಣ ವೈರಲ್ಲಿ ಹೋಗುವುದರಿಂದ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಒಂದು ವೋಲ್ಟ್ ಬಿದ್ದರೂ ಬೆಳಕು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಹೈ ಬೀಮ್‌ಗೊಂದು, ಲೋ ಬೀಮ್‌ಗೊಂದು ರಿಲೇ ಹಾಕಿಸಿ. ಸ್ವಿಚ್‌ನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ ಅದು. ರಿಲೇಯ 30ನೇ ಪಿನ್‌ಗೆ ಬ್ಯಾಟರಿಯಿಂದ ನೇರ ದಪ್ಪ ವೈರ್, 87ರಿಂದ ಬಲ್ಬಿಗೆ. ಹಳೇ ಸ್ವಿಚ್ ವೈರ್ 86ಕ್ಕೆ, 85 ಅರ್ತಿಂಗ್‌ಗೆ. ಎರಡು ಬಲ್ಬ್ ಸೇರಿ 120 ವ್ಯಾಟ್, 12 ವೋಲ್ಟ್‌ಗೆ 10 ಆಂಪಿಯರ್, ಹಾಗಾಗಿ ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದೆ ವೈರ್ ಎಳೆಯುವ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಬೇಡಿ. ಲೈಟಿನ ಮುಂದಿನ ಪ್ಲಾಸ್ಟಿಕ್ ಕವರ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ.

ಪ್ರಶ್ನೆ: 14 ವರ್ಷದ ಪಿಕಪ್ ಅಗ್ಗಕ್ಕೆ ಸಿಗುತ್ತಿದೆ. ತಗೋಬಹುದಾ?
- ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬಾಡಿಗೆ ಗಾಡಿಗೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ, ಅಂದ್ರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ, ಆಗಬೇಕು. 15 ದಾಟಿದ ಮೇಲೆ ಅದರ ಶುಲ್ಕವೂ ಜಾಸ್ತಿ, ಅದನ್ನೂ ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ತೋರಿಸುತ್ತಿದ್ದರೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಪತ್ರ ಕೈಗೆ ಬರದೆ ದುಡ್ಡು ಕೊಡಬೇಡಿ. ಬೆಳಿಗ್ಗೆ ತಣ್ಣಗಿದ್ದಾಗಲೇ ಹೋಗಿ ನಿಮ್ಮೆದುರು ಸ್ಟಾರ್ಟ್ ಮಾಡಿಸಿ. ಓಡುತ್ತಿರುವಾಗ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತಿದ್ದರೆ ಎಂಜಿನ್ ಕೆಲಸ ಬಾಕಿ ಇದೆ, ಅಷ್ಟು ಬೆಲೆ ಇಳಿಸಿ. ಆಮೇಲೆ ಕೆಳಗೆ ಮಲಗಿ, ಕ್ಯಾಬಿನ್ ಹಿಂದೆ ಮತ್ತು ಪ್ಲೇಟ್ ಕೂರುವ ಜಾಗದಲ್ಲಿ ಚಾಸಿ ನೋಡಿ. ಅಲ್ಲಿ ವೆಲ್ಡಿಂಗ್ ಕಂಡರೆ ಎಷ್ಟೇ ಅಗ್ಗ ಇರಲಿ, ಬೇರೆ ಗಾಡಿ ಹುಡುಕಿ.