ಎಷ್ಟು ಮಿಲಿ? ಎಷ್ಟು ದಿನ? ದನಗಳ ನ್ಯುಮೋನಿಯಾ ಮತ್ತು ಆಂಟಿಬಯೋಟಿಕ್

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ನಾಲ್ಕು ದಿನದಿಂದ ಕೆಮ್ಮುತ್ತಿದೆ. ಹಿಂದಿನ ಸಲ ತಂದಿದ್ದ ಆಕ್ಸಿಟೆಟ್ರಾಸೈಕ್ಲಿನ್ ಬಾಟಲಿಯಲ್ಲಿ ಅರ್ಧ ಉಳಿದಿದೆ. 15 ಮಿಲಿ ಹಾಕಿಸಿಬಿಡಬಹುದೆ?
– ಹೈನುಗಾರರೊಬ್ಬರು, ಮದ್ದೂರು

ಉತ್ತರ: ಸಿರಿಂಜ್‌ಗಿಂತ ಮೊದಲು ಥರ್ಮಾಮೀಟರ್ ಹುಡುಕಿ. ಬೆಳಗಿನ ತಂಪಿನಲ್ಲಿ, ಹಸು ಎದ್ದು ಓಡಾಡುವ ಮುಂಚೆ, ಥರ್ಮಾಮೀಟರಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರದಲ್ಲಿಡಿ. ಅದರ ತುದಿ ಸಗಣಿಯೊಳಗೆ ಸಿಕ್ಕಿಕೊಂಡರೆ ಜ್ವರ ಕಡಿಮೆ ತೋರಿಸುತ್ತದೆ; ಓರೆಯಾಗಿ ಹಿಡಿದು ಒಳಗೋಡೆಗೆ ತಾಗಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 104 ದಾಟಿದ್ದು, ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ನಿಂತಲ್ಲೇ ಅಳ್ಳೆ ಹೊಡೆದುಕೊಳ್ಳುತ್ತಿದ್ದರೆ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿರುವ ಸಂಭವ ಹೆಚ್ಚು. ಒಂದು ನಿಮಿಷ ಅಳ್ಳೆಯ ಏರಿಳಿತ ಎಣಿಸಿ: ವಿಶ್ರಾಂತಿಯಲ್ಲಿರುವ ಹಸುವಿಗೆ 15ರಿಂದ 30. ತಂಪು ಹೊತ್ತಿನಲ್ಲೂ 40 ದಾಟಿದರೆ ಎಚ್ಚರವಹಿಸಿ. ಬೇಸಿಗೆಯ ಮಧ್ಯಾಹ್ನ ಎಚ್‌ಎಫ್ ಹಸು ಸೆಕೆಗೇ 60 ಸಲ ಉಸಿರಾಡೀತು, ಆ ಎಣಿಕೆಯನ್ನು ನಂಬಬೇಡಿ.

ಜ್ವರವಿಲ್ಲದೆ ಬರೀ ಕೆಮ್ಮಿದ್ದರೆ ಕಾರಣ ಬೇರೆ ಇರಬಹುದು: ಶ್ವಾಸಕೋಶದ ಜಂತು, ಹಿಂಡಿ-ಬೂಸಾದ ದೂಳು, ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕಿದ ಹೊಗೆ. ಇವಕ್ಕೆ ಆಂಟಿಬಯೋಟಿಕ್‌ನಿಂದ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಕೆಮ್ಮಿ ಬಡಕಲಾಗುತ್ತಿರುವ ಹಸುವಿಗೆ ಕ್ಷಯದ ಟ್ಯುಬರ್‌ಕ್ಯುಲಿನ್ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಅದರ ಹಾಲನ್ನು ಹಸಿಯಾಗಿ ಯಾರೂ ಕುಡಿಯಬಾರದು.

ಇನ್ನು ನಿಮ್ಮ 15 ಮಿಲಿ. ಈ ಔಷಧಿ ಮಿಲಿಗೆ 50 ಮಿ.ಗ್ರಾಂ ಇರುವ ಸಾಧಾರಣ ಬಾಟಲಿಯಲ್ಲೂ, 200 ಮಿ.ಗ್ರಾಂ ಇರುವ ‘ಎಲ್‌ಎ’ (ಲಾಂಗ್ ಆಕ್ಟಿಂಗ್, ಎಂದರೆ ಹೆಚ್ಚು ಹೊತ್ತು ಕೆಲಸ ಮಾಡುವ) ಬಾಟಲಿಯಲ್ಲೂ ಬರುತ್ತದೆ. ಎಲ್‌ಎಯನ್ನು ಪ್ರತಿ ಕಿಲೋ ತೂಕಕ್ಕೆ 20 ಮಿ.ಗ್ರಾಂನಂತೆ, ಎಂದರೆ 10 ಕಿಲೋಗೆ 1 ಮಿಲಿಯಂತೆ ಲೆಕ್ಕ ಹಾಕುತ್ತಾರೆ. ತೂಕ ತಿಳಿಯಲು ಟೇಪು ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 66 ಅಂಗುಲ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ 54 ಅಂಗುಲ ಇದ್ದರೆ, 66 × 66 × 54 ÷ 660 = ಸುಮಾರು 356 ಕಿಲೋ. ಅಂಥ ಹಸುವಿಗೆ ಬೇಕಾದ್ದು 35 ಮಿಲಿ. ನೀವು ಹೇಳಿದ 15 ಮಿಲಿ ಅರ್ಧಕ್ಕೂ ಕಡಿಮೆ. ಅಕಸ್ಮಾತ್ ಅದು 50ರ ಬಾಟಲಿಯಾಗಿದ್ದರೆ ಅಷ್ಟೇ ಮಿಲಿಯಲ್ಲಿ ಎಲ್‌ಎಯ ಕಾಲು ಭಾಗ ಔಷಧಿ ಮಾತ್ರ ಇರುತ್ತದೆ, ಅದರ ಲೆಕ್ಕವೇ ಬೇರೆ. ಅಷ್ಟಕ್ಕೆ ಸುಲಭದ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯವು ಉಳಿದು ಬೆಳೆಯುತ್ತವೆ. 35 ಮಿಲಿಯನ್ನು ಒಂದೇ ಕಡೆ ಚುಚ್ಚುವುದೂ ತಪ್ಪು: ಒಂದು ಜಾಗಕ್ಕೆ 10 ಮಿಲಿ ಮೀರದಂತೆ, ಕತ್ತಿನ ಎರಡೂ ಬದಿಯಲ್ಲಿ ಹಂಚಬೇಕು. ಆದರೆ ಇದೇ ಔಷಧಿ ಬೇಕೋ ಬೇರೆಯದೋ ಎನ್ನುವುದನ್ನು ಎದೆಗೆ ಸ್ಟೆತಸ್ಕೋಪ್ ಇಟ್ಟ ವೈದ್ಯರೇ ಹೇಳಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಅಳತೆ-ಎಣಿಕೆ ಎಂದು ಕೂರಬೇಡಿ. ಗಂಟಲು ಊದಿ, ಜೊಲ್ಲು ಸುರಿದು, ಗೊರಗೊರ ಸದ್ದಿನೊಂದಿಗೆ 105-106 ಜ್ವರ ಬಂದಿದ್ದರೆ ಅದು ಗಳಲೆ ರೋಗ ಇರಬಹುದು. ಎಮ್ಮೆಗಳಲ್ಲಂತೂ ಒಂದೇ ದಿನದಲ್ಲಿ ಸಾವು ಬರಬಹುದು. ತಕ್ಷಣ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಪ್ರಶ್ನೆ: ಮೊದಲ ಇಂಜೆಕ್ಷನ್ನಿಗೇ ಜ್ವರ ಇಳಿದು ಮೇವು ತಿನ್ನುತ್ತಿದೆ. ಉಳಿದ ದಿನಗಳದ್ದು ನಿಲ್ಲಿಸಬಹುದಲ್ಲವೆ?
– ಓದುಗರು, ಶಿರಸಿ

ಉತ್ತರ: ಮೊದಲ ದಿನ ಆಂಟಿಬಯೋಟಿಕ್ ಜೊತೆ ಜ್ವರ-ನೋವಿನ ಇಂಜೆಕ್ಷನ್ನನ್ನೂ ಕೊಟ್ಟಿರುತ್ತಾರೆ. ಮಾರನೆಯ ದಿನದ ಇಳಿತ ಹೆಚ್ಚಾಗಿ ಅದರದ್ದು. ಶ್ವಾಸಕೋಶದೊಳಗಿನ ಸೋಂಕು ಹಾಗೇ ಇರುತ್ತದೆ. ದಿನಕ್ಕೊಂದರಂತೆ ಮೂರೋ ಐದೋ ದಿನ ಬರೆದಿದ್ದರೆ ಅಷ್ಟನ್ನೂ ಹಾಕಿಸಿ. ನಡುವೆ ಬಿಟ್ಟರೆ ಜ್ವರ ಮರಳಬಹುದು, ಆಗ ಅದೇ ಔಷಧಿ ನಾಟದೆ ಹೋಗಬಹುದು.

ತಿರುಗುಮುರುಗು ತಪ್ಪೂ ಇದೆ. ಸಂಜೆಯೊಳಗೆ ಗುಣ ಕಾಣಲಿಲ್ಲವೆಂದು ಮಾರನೆಯ ದಿನ ಇನ್ನೊಬ್ಬರನ್ನು ಕರೆಸಿ ಇನ್ನೊಂದು ಔಷಧಿ. ಫಲ ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸಲು 48ರಿಂದ 72 ಗಂಟೆ ಬೇಕು. ಆಗಲೂ 104ರಲ್ಲೇ ಇದ್ದರೆ ಔಷಧಿ ಬದಲಿಸುವ ಮಾತು. ಕೊಟ್ಟಿಗೆಯಲ್ಲಿ ಎರಡು-ಮೂರು ದನಗಳಿಗೆ ಒಟ್ಟಿಗೆ ಬಂದಿದ್ದರೆ, ಇನ್ನೂ ಇಂಜೆಕ್ಷನ್ ಹಾಕದ ದನದ ಮೂಗಿನ ಆಳದಿಂದ ಸ್ವಾಬ್ (ಹತ್ತಿಕಡ್ಡಿಯಲ್ಲಿ ಸವರಿದ ಮಾದರಿ) ತೆಗೆದು ಪ್ರಯೋಗಾಲಯಕ್ಕೆ ಕಳಿಸಲು ವೈದ್ಯರನ್ನು ಕೇಳಿ. ಔಷಧಿ ಬಿದ್ದ ಮೇಲೆ ತೆಗೆದ ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು.

ಪ್ರಶ್ನೆ: ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಆಗುತ್ತಿಲ್ಲ. ಕಾಯಿಸಿದರೆ ಸರಿಹೋಗುತ್ತದೆಯೆ? ಡೇರಿಗೆ ಹಾಕಬಹುದೆ?
– ಗೃಹಿಣಿ, ತಿಪಟೂರು

ಉತ್ತರ: ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ. ಹಾಲಿನಲ್ಲಿ ಬಂದ ಔಷಧಿ ಅದನ್ನು ಬೆಳೆಯಗೊಡುವುದಿಲ್ಲ. ಕಾಯಿಸಿದರೆ ಔಷಧಿ ಪೂರ್ತಿ ನಾಶವಾಗುವುದಿಲ್ಲ. ಹಾಗೆಂದು ಮೊಸರಾದ ಕೂಡಲೇ ಹಾಲು ಶುದ್ಧವಾಯಿತೆಂದೂ ತಿಳಿಯಬೇಡಿ. ಅಲ್ಪ ಪ್ರಮಾಣದ ಔಷಧಿಯಿದ್ದರೂ ಹೆಪ್ಪುಗಟ್ಟಬಹುದು.

ಬಾಟಲಿಯ ಲೇಬಲ್ಲಿನಲ್ಲಿ ಹಾಲು ಬಳಸಬಾರದ ದಿನಗಳನ್ನು ಬರೆದಿರುತ್ತಾರೆ. ಅದು ನಮೂದಾಗದಿದ್ದರೆ ನಮ್ಮ ದೇಶದ ಔಷಧ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎಣಿಕೆ ಕೊನೆಯ ಇಂಜೆಕ್ಷನ್ನಿಂದ ಶುರು, ಮೊದಲನೆಯದರಿಂದಲ್ಲ. ಅಂದರೆ ಹದಿನಾಲ್ಕು ಹೊತ್ತಿನ ಹಾಲು. ನಷ್ಟ ನಿಜ, ಆದರೆ ನಿಮ್ಮ ಕ್ಯಾನು ಬೆರೆಯುವುದು ಊರಿನ ಎಲ್ಲರ ಹಾಲಿನ ಜೊತೆ. ಕಾಲಿಗೆ ಒಂದು ದಾರ ಕಟ್ಟಿ, ಕೊಟ್ಟಿಗೆಯ ಗೋಡೆಯ ಮೇಲೆ ತಾರೀಖು ಬರೆದು, ಆ ಹಸುವನ್ನು ಕೊನೆಯಲ್ಲಿ ಕರೆಯಿರಿ. ಹಾಲನ್ನು ಕರುವಿಗೂ ಕುಡಿಸಬೇಡಿ. ದಿನಾ ಚೂರುಚೂರು ಔಷಧಿ ಹೋದರೆ ಅದರ ಹೊಟ್ಟೆಯಲ್ಲೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಗುಂಡಿಗೆ ಸುರಿಯಿರಿ.

ಪ್ರಶ್ನೆ: ಪ್ರತಿ ಮಳೆಗಾಲ ಕರುಗಳಿಗೆ ನ್ಯುಮೋನಿಯಾ. ಮೊದಲೇ ಎಲ್ಲಕ್ಕೂ ಆಂಟಿಬಯೋಟಿಕ್ ಮಾತ್ರೆ ಕೊಟ್ಟರೆ?
– ಓದುಗರು, ಸಾಗರ

ಉತ್ತರ: ಬೇಡ. ಸಂಜೆ ಕೊಟ್ಟಿಗೆಯಲ್ಲಿ ಕರುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತು ಉಸಿರೆಳೆದು ನೋಡಿ. ಕಣ್ಣು ಉರಿದರೆ ಅದು ಗಂಜಲದ ಅಮೋನಿಯಾ. ಶ್ವಾಸನಾಳದ ರಕ್ಷಣೆಯನ್ನು ಕೆಡಿಸಿ ಸೋಂಕಿಗೆ ದಾರಿ ಮಾಡುವುದು ಅದೇ. ಚಳಿಯೆಂದು ನಾಲ್ಕೂ ಕಡೆ ಟಾರ್ಪಾಲು ಮುಚ್ಚಬೇಡಿ. ಗಾಳಿ ಕರುವಿನ ಮೇಲೆ ನೇರ ಬಡಿಯದಂತೆ ಕೆಳಗೆ ಮರೆ ಮಾಡಿ, ಮೇಲೆ ತೆರೆದಿಡಿ. ಹಾಸು ಒಣಗಿರಲಿ.

30 ಕಿಲೋ ಕರುವಿಗೆ ಮೊದಲ ದಿನ 3 ಲೀಟರ್ ಗಿಣ್ಣು ಹಾಲು ಬೇಕು, ಮೊದಲ ಕಂತು ಹುಟ್ಟಿದ ಎರಡು ಗಂಟೆಯೊಳಗೆ. ನೆಂಟರಿಗೆ ಗಿಣ್ಣು ಹಂಚುವುದು ಕರು ಕುಡಿದ ಮೇಲಿನ ಮಾತು. ಗಳಲೆ ಲಸಿಕೆಯನ್ನು ಮಳೆ ಹಿಡಿಯುವ ಮುಂಚೆ, ಮೇ-ಜೂನ್‌ನಲ್ಲಿ, ಆರು ತಿಂಗಳು ದಾಟಿದವಕ್ಕೆಲ್ಲ ಹಾಕಿಸಿ.

ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಔಷಧಿ ಹುಯ್ಯುವಾಗ ನಾಲಿಗೆ ಹೊರಗೆಳೆದು, ತಲೆ ಮೇಲೆತ್ತಿ ಹಿಡಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಔಷಧಿ ನೇರ ಶ್ವಾಸಕೋಶಕ್ಕಿಳಿದು ಬರುವ ನ್ಯುಮೋನಿಯಾ ಯಾವ ಆಂಟಿಬಯೋಟಿಕ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ.

ಪ್ರಶ್ನೆ: ಜ್ವರಕ್ಕೆ ಡೈಕ್ಲೊಫೆನ್ಯಾಕ್ ಹಾಕಿಸಬಹುದೆ?
– ಓದುಗರು, ರಾಮನಗರ

ಉತ್ತರ: ಇಲ್ಲ. ದನಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆ ಔಷಧಿ ಬಿದ್ದು ಸತ್ತ ದನವನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ; ನಿಮ್ಮ ರಾಮದೇವರ ಬೆಟ್ಟದಲ್ಲಿ ರಣಹದ್ದು ವನ್ಯಧಾಮವೇ ಇದೆಯಲ್ಲ. ಬದಲಿಗೆ ಮೆಲಾಕ್ಸಿಕ್ಯಾಮ್ ಇದೆ, ವೈದ್ಯರನ್ನು ಕೇಳಿ.