ಬಬ್ಲಿ ವೈನಿಗೆ ಹುಳಿ ಸಾಲದಿದ್ದರೆ

23 ಬ್ರಿಕ್ಸಿಗೆ (ರಸದ ಸಕ್ಕರೆಯ ಶೇಕಡಾ ಅಳತೆ) ಕೊಯ್ದ ದ್ರಾಕ್ಷಿಯ ಬಬ್ಲಿ ವೈನ್ ಸಪ್ಪೆಯಾಗಿದೆ, ಕೆಂಪು ಮಣ್ಣೇ ಕಾರಣವೇ, ಷಾಂಪೇನಿನಂತಾಗಲು ಸುಣ್ಣ ಹಾಕಲೇ ಎಂದು ಕೇಳಿದ್ದೀರಿ. ನಂದಿ ಬೆಟ್ಟದ ಕೆಳಗಿನ ನಿಮ್ಮ ಶೆನಿನ್ ಬ್ಲಾಂಕ್ (ಬಿಳಿ ವೈನಿನ ದ್ರಾಕ್ಷಿ ತಳಿ) ಸಪ್ಪೆಯಾಗಲು ಕೆಂಪು ಮಣ್ಣಿಗಿಂತ ತಡವಾದ ಕೊಯ್ಲೇ ಕಾರಣ ಇರಬೇಕು. 23 ಬ್ರಿಕ್ಸ್ ಅಂದರೆ ಬಬ್ಲಿ ವೈನಿಗೆ ಹಣ್ಣು ಮಾಗಿದ್ದು ಮೀರಿತು. ಸುಣ್ಣ ಸುರಿಯುವ ಯೋಚನೆ ಬಿಡಿ; ಫ್ರಾನ್ಸಿನ ಷಾಂಪೇನ್ ಸೀಮೆಯ ನೆಲದ ಸೀಮೆಸುಣ್ಣದ ಕಲ್ಲು ನೀರು ಹಿಡಿದಿಟ್ಟು ಬಳ್ಳಿಗೆ ನಿಧಾನವಾಗಿ ಕೊಡುತ್ತದೆ, ಪುಡಿ ಸುಣ್ಣಕ್ಕೆ ಅದಾಗದು.

ಮುಂದಿನ ಸಲ 16 ಬ್ರಿಕ್ಸ್ ದಾಟಿದೊಡನೆ ಎರಡು ದಿನಕ್ಕೊಮ್ಮೆ ಸಾಲಿನ ಎರಡೂ ಬದಿಯ ಹಣ್ಣು ಹಿಂಡಿ ಅಳೆಯಿರಿ. 18–19 ಬ್ರಿಕ್ಸ್, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.2ರೊಳಗೆ ಇರುವಾಗಲೇ, ಬಿಸಿಲೇರುವ ಮುಂಚೆ ಕೊಯ್ಯಿರಿ. ಗೊಂಚಲನ್ನು ಇಡಿಯಾಗಿಯೇ ಮೆಲ್ಲಗೆ ಪ್ರೆಸ್ ಮಾಡಿ. ಕೊನೆಯ ರಸದಲ್ಲಿ ಹುಳಿ ಕಡಿಮೆ, ಬೇರೆ ಇಡಿ.

ಆಗಲೂ ಪಿಎಚ್ ಇಳಿಯದಿದ್ದರೆ ಬಳ್ಳಿಯಲ್ಲಿ ಹುಳಿ ತಗ್ಗಿಸುವ ಪೊಟ್ಯಾಷ್ ಹೆಚ್ಚಿರಬಹುದು, ಪರೀಕ್ಷೆಯಿಲ್ಲದೆ ಖಚಿತ ಹೇಳಲಾಗದು. ಹೂ ಬಿಡುವಾಗ ಗೊಂಚಲಿನ ಎದುರಿನ ಎಲೆತೊಟ್ಟುಗಳನ್ನು ಪರೀಕ್ಷೆಗೆ ಕಳಿಸಿ. ವರದಿ ಬರುವ ತನಕ ಪೊಟ್ಯಾಷ್ ಹಾಕಬೇಡಿ.