ಎಕರೆ ಮಾರಿ ಸೀಟು ಕೊಳ್ಳಬೇಕೆ?

ಪ್ರಶ್ನೆ: ಸರ್, ಸಿರುಗುಪ್ಪ ಕಡೆಯ ಹಳ್ಳಿ ನಮ್ಮದು. ಕಾಲುವೆ ಕೆಳಗೆ ನಾಲ್ಕು ಎಕರೆ ಭತ್ತ ಬೆಳೀತೀವಿ. ಮಗಳು ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದ್ದಾಳೆ. ಪಿಯುಸಿ ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) 300ಕ್ಕೆ 264, ಸಿಇಟಿಯಲ್ಲಿ 180ಕ್ಕೆ 72. ಬೆಂಗಳೂರಿನಲ್ಲೇ ಕಂಪ್ಯೂಟರ್ ಸೈನ್ಸ್ ಬೇಕೆಂದು ಹಟ ಹಿಡಿದಿದ್ದಾಳೆ. ಏಜೆಂಟರೊಬ್ಬರು ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ ಅಂತಾರೆ, ಅದಕ್ಕೆ ಒಂದು ಎಕರೆ ಹೋಗುತ್ತದೆ. ಭಾಮೈದ ಒಂದು ವರ್ಷ ಕೂರಿಸಿ ಮತ್ತೆ ಸಿಇಟಿ ಬರೆಸು ಅಂತಾನೆ. ಡಿಪ್ಲೊಮಾ ಮಾಡಿಸಿ ಅನ್ನುವವರೂ ಇದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಸಿರುಗುಪ್ಪ ತಾಲ್ಲೂಕು

ಉತ್ತರ: ಎಕರೆ ಮಾರಬೇಡಿ. ಮ್ಯಾನೇಜ್‌ಮೆಂಟ್ ಸೀಟು ಕೊಡುವುದು ಕಾಲೇಜು, ಏಜೆಂಟರಲ್ಲ. ಸೀಟು ಸಿಕ್ಕ ಮೇಲೂ ನಾಲ್ಕು ವರ್ಷ ಫೀಸು, ಹಾಸ್ಟೆಲ್ ಇದ್ದೇ ಇರುತ್ತದೆ. ಆಗ ಎರಡನೇ ಎಕರೆಯ ಮಾತು ಬರುತ್ತದೆ.

ನಿಮ್ಮ ಭಾಮೈದನ ಮಾತನ್ನು ಲೆಕ್ಕ ಹಾಕಿ ನೋಡೋಣ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಮಗಳದು ಶೇ 88 ಮತ್ತು ಶೇ 40, ಸರಾಸರಿ 64. ಮುಂದಿನ ವರ್ಷ ಸಿಇಟಿಯಲ್ಲಿ 180ಕ್ಕೆ 108 (ಶೇ 60) ತೆಗೆದರೂ ಸರಾಸರಿ 74ಕ್ಕೆ ನಿಲ್ಲುತ್ತದೆ. ಅಷ್ಟು ಏರಿದರೆ ರ‍್ಯಾಂಕು ಚೆನ್ನಾಗಿಯೇ ಸುಧಾರಿಸುತ್ತದೆ, ಸುಳ್ಳಲ್ಲ. ಪಿಯುಸಿಯಲ್ಲೇ ಕಡಿಮೆ ಬಂದವರಿಗೆ ನಾನು ಈ ದಾರಿ ಹೇಳುವುದೇ ಇಲ್ಲ. ನಿಮ್ಮ ಮಗಳು ಎಡವಿರುವುದು ಸಿಇಟಿಯಲ್ಲಿ, ಹಾಗಾಗಿ ಅವಕಾಶವಿದೆ. ಆದರೆ ಮನೆಯಲ್ಲಿ ಕೂತು ಒಬ್ಬಳೇ ವರ್ಷವಿಡೀ ಓದುವ ಹುಡುಗಿಯೇ ಅವಳು? ಅದು ನಿಮಗೇ ಗೊತ್ತು. ಇನ್ನೊಂದು, ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಷ್ಟು ಪ್ರಶ್ನೆ ಖಾಲಿ ಬಿಟ್ಟಳು ಎಂದು ಕೇಳಿ ನೋಡಿ.

ಡಿಪ್ಲೊಮಾ ದಾರಿಯನ್ನು ಜನ ಸುಮ್ಮನೆ ಹಳಿಯುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವನು ನಾನು, ಸ್ವಲ್ಪ ಪಕ್ಷಪಾತ ಇರಬಹುದು. ಪಿಯುಸಿ ಸೈನ್ಸ್ ಆದವರು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಅಲ್ಲಿ ಎರಡು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಸಿಇಟಿ) ಬರೆದು ಬಿಇ ಎರಡನೇ ವರ್ಷಕ್ಕೆ, ಅಲ್ಲಿ ಮೂರು. ಒಟ್ಟು ಐದು. ಒಂದು ವರ್ಷ ಕೂತು ನಾಲ್ಕು ವರ್ಷ ಓದಿದರೂ ಐದೇ! ಇಲ್ಲಿ ನಡುವೆ ಕೈಗೊಂದು ಡಿಪ್ಲೊಮಾ ಸರ್ಟಿಫಿಕೇಟ್ ಬರುತ್ತದೆ. ನಮ್ಮ ಹುಡುಗರು ಲ್ಯಾಬಿನಲ್ಲಿ ಸರಸರ ವೈರಿಂಗ್ ಮಾಡುತ್ತಿದ್ದರು, ಬಿಇಗೆ ಹೋದ ಮೇಲೆ ಗಣಿತದಲ್ಲಿ ಒದ್ದಾಡುತ್ತಿದ್ದರು. ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅವರಿಗೆ ಹೆಚ್ಚುವರಿ ಗಣಿತ ಪಾಸು ಮಾಡಿಸುತ್ತಿತ್ತು. ಪಿಯುಸಿ ಗಣಿತ ಓದಿದ ನಿಮ್ಮ ಮಗಳಿಗೆ ಆ ಭಯ ಕಡಿಮೆ. ತೊಡಕೇನೆಂದರೆ ಹೀಗೆ ನೇರ ಬಿಇ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಸೀಟು ಕೆಲವೇ. ಒಳ್ಳೆಯ ಕಾಲೇಜಿನ ಕಂಪ್ಯೂಟರ್ ಸೈನ್ಸಿಗೆ ಅಲ್ಲೂ ನೂಕುನುಗ್ಗಲು.

ಇಷ್ಟು ಬರೆದ ನೀವು ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಒಂದಕ್ಷರ ಬರೆದಿಲ್ಲ. ಸರ್ಕಾರಿ ಕೋಟಾದಲ್ಲಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗಿನ ಕಾಲೇಜುಗಳಲ್ಲಿ ಶೇ 8 ಸೀಟು ಕಲ್ಯಾಣ ಕರ್ನಾಟಕದವರಿಗೆ. ಸಹಾಯಕ ಆಯುಕ್ತರು ಕೊಡುವ ಪ್ರಮಾಣಪತ್ರ ಬೇಕು. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಬೇರೆ ಇದೆ; ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದನ್ನೇ ನೋಡುತ್ತಾರೆ. ಸಿಇಟಿ ಅರ್ಜಿಯ ಪ್ರತಿ ತೆಗೆದು ಇವನ್ನೆಲ್ಲ ನಮೂದಿಸಿದ್ದೀರಾ ಎಂದು ಇವತ್ತೇ ನೋಡಿ.

ನನ್ನನ್ನು ಕೇಳಿದರೆ, ಈ ವರ್ಷ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಸೇರಿಸಿಬಿಡಿ. ಮೂರನೇ ವರ್ಷದಲ್ಲೇ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆಯಬಹುದು. ಒಳ್ಳೆಯ ಅಂಕ ಬಂದು ಎಂ.ಟೆಕ್ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಬೆಂಗಳೂರೇ ಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯೂ (ಐಐಎಸ್‌ಸಿ) ಅಲ್ಲೇ ಇದೆಯಲ್ಲ!

ಸಿಇಟಿ ಸೀಟು ಹಂಚಿಕೆಗೆ ಆಪ್ಷನ್ ಎಂಟ್ರಿ ಮಾಡುವಾಗ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವಾಗ, ಸಿಗಬಹುದಾದದ್ದನ್ನು ಮೊದಲು ಹಾಕಬೇಡಿ. ಅವಳಿಗೆ ಬೇಕಾದ ಬೆಂಗಳೂರಿನ ಕಾಲೇಜುಗಳು ಮೇಲಿರಲಿ, ಬಳ್ಳಾರಿ, ರಾಯಚೂರು ಕೆಳಗಿರಲಿ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನೇ ಕೆಳಗಿನದನ್ನು ನೋಡುತ್ತದೆ. ಮೇಲೆ ಬರೆದದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ.